ಒಲೆಯ ಮುಂದಿನ ಲೆಕ್ಕ

ಹಸಿದವರಿಗೆ ಅನ್ನ ಹಾಕುವುದು ದೊಡ್ಡದೋ, ಅನ್ನ ದುಡಿಯುವ ದಾರಿ ತೋರಿಸುವುದು ದೊಡ್ಡದೋ ಎಂಬ ಪ್ರಶ್ನೆ ತುಂಬಾ ಹಳೆಯದು. ಉತ್ತರವೂ ಅಷ್ಟೇ ಹಳೆಯದು. ಮೀನು ಕೊಡುವುದಕ್ಕಿಂತ ಮೀನು ಹಿಡಿಯಲು ಕಲಿಸುವುದು ಮೇಲು ಎಂದು ಭಾಷಣಕಾರರು ಹೇಳುತ್ತಾರೆ, ನಾವು ತಲೆದೂಗುತ್ತೇವೆ. ಆದರೆ ಈ ಮಾತನ್ನು ಹೆಣ್ಣುಮಕ್ಕಳ ವಿಷಯಕ್ಕೆ ತಂದಾಗ ಒಂದು ವಿಚಿತ್ರ ನಡೆಯುತ್ತದೆ. ಗಂಡ ತೀರಿಹೋದ ಅಥವಾ ಬಿಟ್ಟುಹೋದ, ಓದು ಬಾರದ, ಎರಡು ಮಕ್ಕಳ ತಾಯಿಯೊಬ್ಬಳು ನಮ್ಮೆದುರು ನಿಂತರೆ ನಾವು ತೋರಿಸುವ ದಾರಿ ಬಹುಮಟ್ಟಿಗೆ ಒಂದೇ. 'ಅಡುಗೆ ಬರುತ್ತದಲ್ಲ ತಾಯಿ, ಅದನ್ನೇ ಮಾಡಿ ಮಾರು' ಎನ್ನುತ್ತೇವೆ. ಒಲೆಯ ಮುಂದಿನಿಂದ ಎದ್ದು ಬಂದವಳನ್ನು ಮತ್ತೆ ಒಲೆಯ ಮುಂದೆಯೇ ಕೂರಿಸುತ್ತೇವೆ. ಇದು ಅವಳ ಬಿಡುಗಡೆಯೇ? ಅಥವಾ ಹಳೆಯ ಗಂಟನ್ನೇ ಹೊಸ ಹಗ್ಗದಲ್ಲಿ ಬಿಗಿದಂತೆಯೇ?

ಈ ಪ್ರಶ್ನೆ ಕೇಳಲು ಕಲಬುರಗಿ ತಕ್ಕ ಊರು. ಉಣಬಡಿಸುವುದನ್ನೇ ದೊಡ್ಡ ಪುಣ್ಯವೆಂದು ಎತ್ತಿಹಿಡಿದ ಎರಡು ಪರಂಪರೆಗಳು ಇಲ್ಲಿ ಅಕ್ಕಪಕ್ಕದಲ್ಲಿ ಬೆಳೆದಿವೆ. 1400ರ ಸುಮಾರಿಗೆ ದೆಹಲಿಯ ಕಡೆಯಿಂದ ಬಂದು 1422ರಲ್ಲಿ ಇಲ್ಲಿಯೇ ಮಣ್ಣಾದ ಖ್ವಾಜಾ ಬಂದೇ ನವಾಜರ ದರ್ಗಾದಲ್ಲಿ ಉರೂಸಿಗೆ ಬಂದವರಿಗೆ ಲಂಗರ್ ಇದೆ. 1746ರಿಂದ 1822ರವರೆಗೆ ಬದುಕಿದ್ದ ಶರಣಬಸವೇಶ್ವರರ ಹೆಸರಂತೂ ದಾಸೋಹದೊಂದಿಗೆ ಎಷ್ಟು ಬೆಸೆದುಕೊಂಡಿದೆಯೆಂದರೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಬಾರದು. ಎರಡೂ ಕಡೆ ಪಂಕ್ತಿಯಲ್ಲಿ ಕೂತವರ ಜಾತಿ ಮತ ಕೇಳುವ ವಾಡಿಕೆಯಿಲ್ಲ. ಈ ಊರಿನ ಹೆಮ್ಮೆಗೆ ಇವೆರಡೇ ಸಾಕು.

ಇವೆರಡರ ನಡುವೆ ಮೂರನೆಯ ಅಡುಗೆಮನೆಯೊಂದು ಹುಟ್ಟಿಕೊಂಡಿದೆ. ಅದಕ್ಕೆ ಸಂತರ ಹೆಸರಿಲ್ಲ. ಖೂಬಾ ಪ್ಲಾಟ್‌ನಂಥ ಬಡಾವಣೆಗಳಲ್ಲಿ, ಮಾರುಕಟ್ಟೆಯ ಓಣಿಗಳಲ್ಲಿ, ಬಾಡಿಗೆ ಮನೆಯ ಮುಂಗೋಣೆಗಳಲ್ಲಿ 'ಜೋಳದ ರೊಟ್ಟಿ ಸಿಗುತ್ತದೆ' ಎಂಬ ಬೋರ್ಡು ನೇತುಹಾಕಿಕೊಂಡಿರುವ ರೊಟ್ಟಿ ಕೇಂದ್ರಗಳೇ ಅವು. ಒಳಗೆ ಮೂರೋ ಆರೋ ಹೆಂಚುಗಳು, ಅಷ್ಟೇ ಮಂದಿ ಹೆಂಗಸರು. ಹೊರಗೆ ನಾವು: ಕಾಲೇಜಿನ ಹುಡುಗರು, ವರ್ಗವಾಗಿ ಬಂದ ನೌಕರರು, ಮನೆಯಲ್ಲಿ ರೊಟ್ಟಿ ಬಡಿಯುವವರಿಲ್ಲದ, ಇದ್ದರೂ ಪುರುಸೊತ್ತಿಲ್ಲದ ಸಂಸಾರಸ್ಥರು. ಹತ್ತು ರೊಟ್ಟಿಯ ಕಟ್ಟು, ಜೊತೆಗೆ ಶೇಂಗಾ ಹಿಂಡಿ, ಪುಂಡಿಪಲ್ಯ. ಕೊಂಡು ತಂದು ಉಣ್ಣುತ್ತೇವೆ. ಬಡಿದವರ ಮುಖ ನೋಡುವುದು ಅಪರೂಪ.

ಜೋಳದ ರೊಟ್ಟಿ ಬಡಿಯುವುದನ್ನು ಕೌಶಲವೆಂದು ನಾವು ಎಣಿಸಿದವರೇ ಅಲ್ಲ. ಗೋಧಿಹಿಟ್ಟಿನಲ್ಲಿ ಅಂಟಿದೆ, ನಾದಿದರೆ ಎಳೆಯಾಗುತ್ತದೆ, ಲಟ್ಟಣಿಗೆ ಹಿಡಿದ ಯಾರೂ ಎರಡು ವಾರದಲ್ಲಿ ಚಪಾತಿ ಕಲಿತಾರು. ಜೋಳದಲ್ಲಿ ಆ ಅಂಟಿಲ್ಲ. ಕುದಿನೀರು ಬಿದ್ದ ಹಿಟ್ಟು ಬಿಸಿ ಇರುವಾಗಲೇ ಅಂಗೈಯಿಂದ ತಿಕ್ಕಿ ತಿಕ್ಕಿ ನಾದಿ ಅದರಿಂದ ಜಿಗುಟು ಹೊರಡಿಸಬೇಕು. ಬೀಸಿ ಬಹಳ ದಿನವಾದ ಹಿಟ್ಟಾದರೆ ಎಷ್ಟು ನಾದಿದರೂ ಅಂಚು ಒಡೆಯುತ್ತದೆ. ಆಮೇಲೆ ಬಡಿಯುವುದು. ಒಂದು ಕೈ ಬಡಿಯುತ್ತಿರುವಾಗ ಇನ್ನೊಂದು ಕೈ ಅಂಚನ್ನು ಕಾಯುತ್ತ ತಿರುಗಿಸಬೇಕು. ಹೆಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಬೇಕು, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು, ಮೊದಲಾದರೆ ಹಸಿ, ತಡವಾದರೆ ಬಿರುಕು. ಕೊನೆಗೆ ಉಬ್ಬಬೇಕು. ಹೊಟೇಲಿನ ಅಡುಗೆಯವನಿಗೆ ಇಷ್ಟು ವಿದ್ಯೆ ಇದ್ದರೆ ಅವನನ್ನು 'ಉಸ್ತಾದ್' ಎಂದು ಕರೆಯುತ್ತೇವೆ. ಹಳ್ಳಿಯ ಹೆಂಗಸಿಗೆ ಇದ್ದರೆ 'ರೊಟ್ಟಿ ಬಡೀಲಿಕ್ಕೆ ಬರ್ತದ' ಎನ್ನುತ್ತೇವೆ.

ಈ ವ್ಯತ್ಯಾಸ ಬರಿಯ ಮಾತಿನದಲ್ಲ. ನಮ್ಮ ಸಮಾಜದಲ್ಲಿ ಅಡುಗೆ ಹೆಣ್ಣಿನದು ಎನ್ನುತ್ತೇವೆ. ನಿಜ ಹೇಳಬೇಕೆಂದರೆ ಕೂಲಿ ಇಲ್ಲದ ಅಡುಗೆ ಮಾತ್ರ ಹೆಣ್ಣಿನದು. ಮುಸ್ಲಿಮರ ಮದುವೆಯಲ್ಲಿ ದೇಗ್‌ಗಳ ಮುಂದೆ ನಿಲ್ಲುವ ಬಾವರ್ಚಿ ಗಂಡಸು. ಲಿಂಗಾಯತರ ಮದುವೆಯಲ್ಲಿ, ಬ್ರಾಹ್ಮಣರ ಸಮಾರಾಧನೆಯಲ್ಲಿ ಒಲೆ ಹೂಡುವವರೂ ಗಂಡಸರೇ. ನಾಡಿಗೆಲ್ಲ ದೋಸೆ ತಿನ್ನಿಸಿದ ಉಡುಪಿ ಹೊಟೇಲುಗಳು ಗಂಡಸರ ಅಡುಗೆಯಿಂದ ಬೆಳೆದವು. ಕಲಬುರಗಿಯ ತಹರಿ ಮನೆಯಲ್ಲಿ ಅಮ್ಮ ಮಾಡಿದರೆ ಊಟ, ಅಂಗಡಿಯಲ್ಲಿ ಗಂಡಸು ಮಾಡಿದರೆ ವ್ಯಾಪಾರ. ರೊಟ್ಟಿಯೊಂದು ಇದಕ್ಕೆ ಅಪವಾದ. ಗಂಡಸರ ಒಡೆತನದ ಖಾನಾವಳಿಯಲ್ಲೂ ಹಿಂದುಗಡೆಯಿಂದ ಬಡಿತದ ಸದ್ದು ಕೇಳುತ್ತದೆ, ಅದು ಹೆಂಗಸರ ಕೈ. ಭಾರತ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಸುಮಾರು ಐದು ಗಂಟೆ. ಅದು ಯಾವ ಪುಸ್ತಕದಲ್ಲೂ ಜಮೆಯಾಗುವುದಿಲ್ಲ.

ಸಂತರು ಈ ಶ್ರಮವನ್ನು ಕಾಣಲಿಲ್ಲವೆಂದಲ್ಲ. ದಖನಿ ಭಾಷೆಯಲ್ಲಿ ಚಕ್ಕಿನಾಮಾ ಎಂಬ ಹಾಡುಗಳ ಒಂದು ಪ್ರಕಾರವೇ ಇದೆ, ಬೀಸುಕಲ್ಲಿನ ಮುಂದೆ ಕೂತ ಹೆಂಗಸರಿಗಾಗಿ ಸೂಫಿಗಳು ಕಟ್ಟಿದ್ದು. ಬೀಸುಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ, ಕಾಳು ಹಿಟ್ಟಾಗುವ ಕೆಲಸದಲ್ಲಿಯೇ ದೇವರ ಸ್ಮರಣೆ ಬೆಸೆದರು. ಖ್ವಾಜಾ ಬಂದೇ ನವಾಜರ ಹೆಸರಿನಲ್ಲೂ ಒಂದು ಚಕ್ಕಿನಾಮಾ ಇದೆ, ಅದು ಅವರದೇ ಹೌದೋ ಅಲ್ಲವೋ ಎಂಬ ಚರ್ಚೆ ವಿದ್ವಾಂಸರಿಗೆ ಇರಲಿ. ಈ ಸೀಮೆಯ ಕನ್ನಡ ಹೆಣ್ಣುಮಕ್ಕಳ ಬೀಸುವ ಹಾಡುಗಳೂ ಅದೇ ಕಲ್ಲಿನ ಸದ್ದಿಗೆ ಹುಟ್ಟಿದವು. ಹೀಗೆ ಆ ಕೆಲಸಕ್ಕೆ ಪಾವಿತ್ರ್ಯ ಸಿಕ್ಕಿತು, ಹಾಡು ಸಿಕ್ಕಿತು. ಕೂಲಿ ಮಾತ್ರ ಸಿಗಲಿಲ್ಲ. ಪವಿತ್ರವೆಂದು ಕರೆದ ಕೆಲಸಕ್ಕೆ ಬೆಲೆ ಕೇಳಲು ಹೆಂಗಸರು ಇನ್ನಷ್ಟು ಸಂಕೋಚಪಟ್ಟರೋ ಏನೋ ಎಂಬ ಅನುಮಾನವೂ ನಮಗಿದೆ.

ಅಡುಗೆ ಕಲಿಸಿ ಹೆಣ್ಣುಮಕ್ಕಳನ್ನು ನಿಲ್ಲಿಸುವ ಪ್ರಯತ್ನ ನಮ್ಮ ಊರಿನದೊಂದೇ ಅಲ್ಲ. ಇದರ ಬಗ್ಗೆ ಯೋಚಿಸುವಾಗ ನಮಗೆ ಬಹಳ ಉಪಯೋಗಕ್ಕೆ ಬಂದದ್ದು ದೂರದ ಮೊರಾಕೊ ದೇಶದ ಎರಡು ಉದಾಹರಣೆಗಳು. ಅಲ್ಲಿನ ಮನೆಗಳೂ ನಮ್ಮ ಮನೆಗಳಂತೆಯೇ. ಮನೆಯ ಅಡುಗೆ ಹೆಂಗಸರದು. ಮರಾಕೇಶಿನಲ್ಲಿ ತಂಜಿಯಾ ಎಂಬ ಮಾಂಸದ ಅಡುಗೆಯೊಂದಿದೆ, ಮಣ್ಣಿನ ಗಡಿಗೆಯಲ್ಲಿ ತುಂಬಿ ಹಮಾಮಿನ ಬೂದಿಯಲ್ಲಿ ಹೂತಿಡುವುದು, ಅದೊಂದನ್ನು ಗಂಡಸರ ಅಡುಗೆ ಎನ್ನುತ್ತಾರೆ. ಶುಕ್ರವಾರದ ಕೂಸ್‌ಕೂಸ್ ಹೆಂಗಸರ ಕೈಯದು. ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉರುಳಿಸಿ ಉರುಳಿಸಿ ಕಾಳು ಮಾಡಿ, ಹಬೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಬೇಯಿಸುತ್ತಾರೆ. ನಮ್ಮ ರೊಟ್ಟಿಯಂತೆ ಇದೂ ನೋಡಿ ನೋಡಿ ಕಲಿಯುವ ವಿದ್ಯೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಅಲ್ಜೀರಿಯಾ, ಮಾರಿಟೇನಿಯಾ, ಮೊರಾಕೊ, ಟ್ಯುನೀಸಿಯಾ ನಾಲ್ಕೂ ದೇಶಗಳ ಪರಂಪರೆಯೆಂದು ಪಟ್ಟಿಗೆ ಸೇರಿಸಿತು.

ಮೊದಲನೆಯ ಉದಾಹರಣೆ ಕಾಸಾಬ್ಲಾಂಕಾದ್ದು. ಆಯಿಶಾ ಎಶ್‌ಶೆನ್ನಾ ಎಂಬ ದಾದಿ, ಸಮಾಜಸೇವಕಿ, 1985ರಲ್ಲಿ ಸಾಲಿಡಾರಿತೆ ಫೆಮಿನಿನ್ ಎಂಬ ಸಂಸ್ಥೆ ಕಟ್ಟಿದರು. ಮದುವೆಯಾಗದೆ ತಾಯಂದಿರಾದ, ಮನೆಯವರು ಹೊರಹಾಕಿದ ಹುಡುಗಿಯರಿಗಾಗಿ. ಮೊರಾಕೊದ ದಂಡಸಂಹಿತೆಯ 490ನೇ ವಿಧಿಯ ಪ್ರಕಾರ ಮದುವೆಯಾಗದವರ ದೈಹಿಕ ಸಂಬಂಧವೇ ಅಪರಾಧ. ಕಾನೂನಿನ ಕಣ್ಣಲ್ಲೂ ಸಮಾಜದ ಕಣ್ಣಲ್ಲೂ ಆ ಹುಡುಗಿಗೆ ನಿಲ್ಲಲು ನೆಲವಿಲ್ಲ, ಹುಟ್ಟಿದ ಕೂಸಿಗಂತೂ ಇಲ್ಲವೇ ಇಲ್ಲ. ಮಗುವನ್ನು ಒಪ್ಪಿಸಿಹೋಗಲು ಬಂದ ತಾಯಿಯೊಬ್ಬಳು ಹಾಲು ಕುಡಿಯುತ್ತಿದ್ದ ಕೂಸನ್ನು ಎದೆಯಿಂದ ಕಿತ್ತು ಕೊಟ್ಟದ್ದನ್ನು ಕಂಡ ದಿನ ತನಗೆ ನಿದ್ರೆ ಬರಲಿಲ್ಲವೆಂದು ಎಶ್‌ಶೆನ್ನಾ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಅವರು ಮಾಡಿದ್ದೇನು? ತಾಯಿ ಮಕ್ಕಳನ್ನು ಅಗಲಿಸದೆ, ತಾಯಂದಿರಿಗೆ ಅಡುಗೆ, ಸಿಹಿತಿಂಡಿ, ಹೊಲಿಗೆ ಕಲಿಸಿದರು. ಅವರು ಮಾಡಿದ್ದನ್ನು ಊರಿನವರಿಗೆ ಬೆಲೆಗೆ ಬಡಿಸುವ ಉಪಾಹಾರಗೃಹ ತೆರೆದರು. ತಾಯಿ ಅಡುಗೆಮನೆಯಲ್ಲಿರುವಾಗ ಮಗು ಸಂಸ್ಥೆಯ ಶಿಶುವಿಹಾರದಲ್ಲಿ.

2000ದ ವೇಳೆಗೆ ಅವರ ಮೇಲೆ ಧಾರ್ಮಿಕ ವಲಯದ ಕೆಲವರಿಂದ ಕಟುವಾದ ದಾಳಿಯಾಯಿತು. ಪಾಪಕ್ಕೆ ಇವಳು ಆಸರೆ ಕೊಡುತ್ತಾಳೆ ಎಂದರು. ಕೆಲಸ ನಿಲ್ಲಿಸಿಬಿಡೋಣ ಎನ್ನಿಸುವಷ್ಟು ನೊಂದರು, ಆದರೆ ನಿಲ್ಲಿಸಲಿಲ್ಲ. ತಾವು ನಮಾಜು ಮಾಡುವ ಮುಸ್ಲಿಮ್ ಹೆಂಗಸೆಂದು ಹೇಳಿಕೊಳ್ಳಲು ಅವರಿಗೆ ಯಾವ ಅಳುಕೂ ಇರಲಿಲ್ಲ. 2009ರಲ್ಲಿ ಕ್ಯಾಥೊಲಿಕ್ ಹಿನ್ನೆಲೆಯ ಅಮೆರಿಕದ ಓಪಸ್ ಪ್ರಶಸ್ತಿ, ಹತ್ತು ಲಕ್ಷ ಡಾಲರಿನದು, ಅವರನ್ನು ಹುಡುಕಿಕೊಂಡು ಬಂತು. 2022ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನಮ್ಮ ಓದುಗರಲ್ಲಿ ಆ ಹುಡುಗಿಯರ ನಡತೆಯ ಬಗ್ಗೆ ತಕರಾರು ಇರುವವರೂ ಇರಬಹುದು. ಅವರಿಗೆ ನಮ್ಮದೊಂದೇ ಪ್ರಶ್ನೆ: ಗಂಡಸಿನ ಹೆಸರು ಯಾರಾದರೂ ಕೇಳಿದರೆ?

ಎರಡನೆಯದು ಮರಾಕೇಶಿನ ಅಮಲ್ ಕೇಂದ್ರ. ಅರಬಿಯಲ್ಲಿ ಅಮಲ್ ಎಂದರೆ ಭರವಸೆ, ನಮ್ಮ ಉರ್ದು ಓದುಗರಿಗೆ ಪರಿಚಯವಿರುವ 'ಕೃತ್ಯ' ಎಂಬ ಅರ್ಥದ ಅಮಲ್ ಬೇರೆ ಅಕ್ಷರದ ಬೇರೆ ಪದ. ನೋರಾ ಬೆಲಾಹ್ಸೆನ್ ಫಿಟ್ಜೆರಾಲ್ಡ್ ಎಂಬವರು 2012ರ ಸುಮಾರಿಗೆ ಇದನ್ನು ಆರಂಭಿಸಿದರು. ವಿಧವೆಯರು, ವಿಚ್ಛೇದಿತರು, ಒಂಟಿ ತಾಯಂದಿರು, ಅನಾಥರು, ಶಾಲೆಯ ಮುಖ ಸರಿಯಾಗಿ ಕಾಣದವರು ಇಲ್ಲಿಗೆ ಬರುತ್ತಾರೆ. ಕೆಲವು ತಿಂಗಳು ಕಲಿಯುತ್ತಾರೆ. ತಜೀನ್, ಕೂಸ್‌ಕೂಸ್ ಅವರಿಗೆ ಮನೆಯಲ್ಲೇ ಬರುತ್ತದೆ. ಕಲಿಯುವುದು ಉಳಿದದ್ದು: ನೂರು ಜನರಿಗೆ ಅಳತೆ, ಅಡುಗೆಮನೆಯ ಶುಚಿತ್ವದ ನಿಯಮಗಳು, ಬಡಿಸುವ ಕ್ರಮ, ಓದು ಬರಹ, ಗಿರಾಕಿಯೊಡನೆ ಆಡುವ ಭಾಷೆ. ಅಲ್ಲಿನ ಉಪಾಹಾರಗೃಹಕ್ಕೆ ಊರಿನವರೂ ಪ್ರವಾಸಿಗಳೂ ಬೆಲೆ ತೆತ್ತು ಉಣ್ಣಲು ಬರುತ್ತಾರೆ. ತರಬೇತಿ ಮುಗಿದ ಮೇಲೆ ಹೆಂಗಸರು ಹೊಟೇಲುಗಳಿಗೆ, ಅತಿಥಿಗೃಹಗಳಿಗೆ ಕೆಲಸಕ್ಕೆ ಹೋಗುತ್ತಾರೆ, ಅವರ ಜಾಗಕ್ಕೆ ಹೊಸಬರು. 2023ರ ಸೆಪ್ಟೆಂಬರ್ 8ರಂದು ಅಟ್ಲಾಸ್ ಬೆಟ್ಟಗಳ ಹಳ್ಳಿಗಳನ್ನು ಭೂಕಂಪ ನೆಲಸಮ ಮಾಡಿದಾಗ ಇದೇ ಅಡುಗೆಮನೆ ಸಂತ್ರಸ್ತರಿಗೆ ಊಟ ಬೇಯಿಸಿತು. ನಿನ್ನೆ ನೆರವು ಪಡೆದವರು ಇಂದು ನೆರವು ಕಳುಹಿಸಿದರು.

ಈ ಎರಡೂ ಕಡೆ ನಮ್ಮ ಮೊದಲ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ ಎನ್ನಿಸುತ್ತದೆ. ಅಲ್ಲಿಯೂ ಹೆಂಗಸು ಒಲೆಯ ಮುಂದೆಯೇ ಇದ್ದಾಳೆ. ಆದರೆ ಆ ಒಲೆಗೆ ಗಡಿಯಾರವಿದೆ, ಇಷ್ಟು ಗಂಟೆಗೆ ಶುರು, ಇಷ್ಟಕ್ಕೆ ಮುಕ್ತಾಯ. ತಟ್ಟೆಗೆ ಬೆಲೆಯಿದೆ. ಕಲಿಕೆಗೆ ಕೊನೆಯ ದಿನವಿದೆ. ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರಿದ್ದಾರೆ. ಮನೆಯ ಒಲೆಗೆ ಇವು ಯಾವುವೂ ಇಲ್ಲ. ಹೆಣ್ಣನ್ನು ಕಟ್ಟಿಹಾಕಿದ್ದು ಬೆಂಕಿ ಮತ್ತು ಹಿಟ್ಟಲ್ಲ, ಲೆಕ್ಕವಿಲ್ಲದ ದುಡಿಮೆ. ಅದೇ ಕೆಲಸಕ್ಕೆ ಲೆಕ್ಕ ಬಂದ ದಿನ ಅದು ಬೇರೆ ಕೆಲಸವಾಗುತ್ತದೆ. ಲೆಕ್ಕ ಬಾರದೆ 'ಸ್ವಾವಲಂಬನೆ' ಎಂಬ ಬೋರ್ಡು ಮಾತ್ರ ಬಂದರೆ ಏನೂ ಬದಲಾಗಲಿಲ್ಲವೆಂದೇ ಅರ್ಥ.

ಇಲ್ಲಿ ಪ್ರವಾದಿ ಮುಹಮ್ಮದರ(ಸ) ಕಾಲದ ಒಂದು ಪ್ರಸಂಗ ನೆನಪಾಗುತ್ತದೆ. ಹದೀಸ್ ಸಂಗ್ರಹಗಳಲ್ಲಿ ಬರುವ ಇದನ್ನು ಶುಕ್ರವಾರದ ಪ್ರವಚನಗಳಲ್ಲಿ ಹಲವರು ಕೇಳಿರಬಹುದು. ಮದೀನಾದ ಒಬ್ಬ ಬಡವ ಬೇಡಲು ಬರುತ್ತಾನೆ. ಮನೆಯಲ್ಲಿ ಏನಿದೆ ಎಂದು ಪ್ರವಾದಿಯವರು ವಿಚಾರಿಸುತ್ತಾರೆ. ಒಂದು ಒರಟು ಹೊದಿಕೆ, ನೀರು ಕುಡಿಯುವ ಒಂದು ಬಟ್ಟಲು. ಅವೆರಡನ್ನೂ ತರಿಸಿ ಅಲ್ಲಿದ್ದವರ ನಡುವೆ ಹರಾಜಿಗಿಡುತ್ತಾರೆ. ಒಬ್ಬರು ಒಂದು ದಿರ್ಹಮ್ ಎನ್ನುತ್ತಾರೆ. ಹೆಚ್ಚು ಕೊಡುವವರುಂಟೇ ಎಂದು ಪ್ರವಾದಿಯವರು ಮತ್ತೆ ಕೇಳುತ್ತಾರೆ. ಎರಡು ದಿರ್ಹಮ್‌ಗೆ ಹೋಗುತ್ತದೆ. ಒಂದರಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ಕಾವನ್ನು ತಮ್ಮ ಕೈಯಾರೆ ಜೋಡಿಸಿ ಕೊಟ್ಟು, ಹದಿನೈದು ದಿನ ಇತ್ತ ಬರಬೇಡ, ಸೌದೆ ಕಡಿದು ಮಾರು ಎಂದು ಕಳುಹಿಸುತ್ತಾರೆ. ಅವನು ಹತ್ತು ದಿರ್ಹಮ್ ಸಂಪಾದಿಸಿಕೊಂಡು ಬರುತ್ತಾನೆ.

ಈ ಕಥೆಯನ್ನು ಸಾಮಾನ್ಯವಾಗಿ 'ಬೇಡಬೇಡ, ದುಡಿ' ಎಂದು ಬಡವರಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಹಾಗೆ ಬಳಸುವವರು ಎರಡು ವಿವರಗಳನ್ನು ಹಾರಿಸಿಬಿಡುತ್ತಾರೆ. ಮೊದಲ ದಿರ್ಹಮ್ ಕೊಡಲಿಗಲ್ಲ, ಊಟಕ್ಕೆ. ಮಕ್ಕಳು ಹಸಿದಿರುವಾಗ ತರಬೇತಿಯ ಮಾತು ಆಡಲಿಲ್ಲ. ಹಾಗಾಗಿ ಲಂಗರನ್ನೂ ದಾಸೋಹವನ್ನೂ 'ಬರೀ ದಾನ' ಎಂದು ಹೀಗಳೆಯುವ ಆಧುನಿಕರ ಮಾತಿಗೆ ಇಲ್ಲಿ ಬೆಂಬಲವಿಲ್ಲ. ಎರಡನೆಯದು ಇನ್ನೂ ಮುಖ್ಯ: ಬಡವನ ವಸ್ತುವಿಗೆ ಬಂದ ಮೊದಲ ಬೆಲೆಗೆ ಅವರು ತೃಪ್ತರಾಗಲಿಲ್ಲ, ಮೇಲಕ್ಕೆ ಏರಿಸಿದರು. ಬಡವರ ಸರಕಿನ ಮುಂದೆ ನಿಂತಾಗ ನಾವು ಏರಿಸುವವರೋ ಇಳಿಸುವವರೋ?

ಇದೇ ವಿಚಾರವನ್ನು ಬೇರೆ ದಾರಿಯಿಂದ ಮುಟ್ಟಿದವರು 1138ರಲ್ಲಿ ಸ್ಪೇನಿನ ಕುರ್ತುಬಾದಲ್ಲಿ ಹುಟ್ಟಿ, ಕೆಲಕಾಲ ಮೊರಾಕೊದ ಫೆಸ್ ನಗರದಲ್ಲಿ ನೆಲೆಸಿದ್ದ ಯಹೂದಿ ಧರ್ಮಪಂಡಿತ ಮೂಸಾ ಬಿನ್ ಮೈಮೂನ್. ದಾನಕ್ಕೆ ಎಂಟು ಮೆಟ್ಟಿಲುಗಳಿವೆ ಎಂದ ಅವರು ಎಲ್ಲಕ್ಕಿಂತ ಮೇಲಿನದರಲ್ಲಿ ಇಟ್ಟದ್ದು ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು, ಮತ್ತೆ ಕೈಯೊಡ್ಡದಂತೆ ಮಾಡುವುದನ್ನು. ಪಾಲುದಾರಿಕೆ ಎಂಬ ಮಾತನ್ನು ಗಮನಿಸಬೇಕು. ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಲೆಕ್ಕದ್ದೇ. ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬಾ ಎಂದವಳು ಲಕ್ಕಮ್ಮ. ನಾವು ಇದನ್ನು ನಿರಾಸೆಯ ಪಾಠವಾಗಿ ಓದುತ್ತೇವೆ, ಸರಿಯೇ. ಆ ಮನೆಯ ಲೆಕ್ಕ ಯಾರ ಕೈಯಲ್ಲಿತ್ತು ಎಂಬುದನ್ನೂ ಓದಬಹುದು.

ಇನ್ನು ಇಂಥ ಪ್ರಯತ್ನಗಳ ಕಷ್ಟದ ಕಡೆಗೆ ಬರೋಣ. ಒಂದು, ಕರುಣೆಯಿಂದ ಬರುವ ಗಿರಾಕಿ. ಪಾಪದ ಹೆಂಗಸರು ನಡೆಸುತ್ತಾರೆ, ಹೋಗಿ ಒಂದು ಸಲ ಉಂಡು ಬರೋಣ ಎಂದು ಬಂದವನು ಎರಡನೆಯ ಸಲ ಬರುವುದಿಲ್ಲ. ಬಂದರೂ ಉಪ್ಪು ಹೆಚ್ಚಾಗಿದೆಯೆಂದು ಹೇಳುವುದಿಲ್ಲ. ಉಪ್ಪು ಹೆಚ್ಚಾದದ್ದನ್ನು ಹೇಳಿಸಿಕೊಳ್ಳುವ ಹಕ್ಕು ಅಡುಗೆಯವಳಿಗಿದೆ. ಅದನ್ನು ಕಿತ್ತುಕೊಂಡ ಕರುಣೆ ಅವಳನ್ನು ಮತ್ತೆ ಬೇಡುವವರ ಸಾಲಿಗೇ ತಳ್ಳುತ್ತದೆ. ಇನ್ನೊಂದು, 'ಸಾಂಪ್ರದಾಯಿಕ' ಎಂಬ ಮಾತಿನ ಮೋಹ. ಕೈಯಿಂದ ಬಡಿದದ್ದು, ಸೌದೆಯ ಒಲೆಯದ್ದು, ಅಜ್ಜಿಯ ರುಚಿಯದ್ದು ಎಂದು ನಗರದ ಗಿರಾಕಿ ಚಪ್ಪರಿಸುತ್ತಾನೆ. ಮೊರಾಕೊದಲ್ಲಿಯೂ ಹಾಗೆಯೇ. ಅಲ್ಲಿನ ಶ್ರೀಮಂತ ಮನೆಗಳ ಅಡುಗೆಯ ಹೆಸರಾಂತ ಕೈಗಳಾದ 'ದಾದಾ'ಗಳು ಮೂಲದಲ್ಲಿ ಸಹಾರಾದಾಚೆಯಿಂದ ಗುಲಾಮರಾಗಿ ತಂದ ಹೆಂಗಸರು. ಇಂದು ಪ್ರವಾಸಿಗಳು ಮೆಚ್ಚುವ ಎಷ್ಟೋ ರುಚಿಗಳು ಅವರ ಕೈಯಲ್ಲಿ ಪಳಗಿದವು. ಹಳೆಯ ರುಚಿಯೊಳಗೆ ಹಳೆಯ ಅನ್ಯಾಯವೂ ಬೆಂದಿರುತ್ತದೆ. ಹೊಗೆಯಲ್ಲಿ ಕೆಂಪಾದ ಕಣ್ಣು, ಬೆರಳ ತುದಿಯ ಸುಟ್ಟ ಕಲೆ ನಮ್ಮ ರುಚಿಯ ಭಾಗವಾಗಬೇಕಿಲ್ಲ. ಗ್ಯಾಸ್ ಒಲೆ, ಎತ್ತರದ ಕಟ್ಟೆ, ಗಾಳಿ ಹೊರಹಾಕುವ ಫ್ಯಾನು ಬಂದರೆ ರೊಟ್ಟಿಯ ಪರಂಪರೆಗೆ ಏನೂ ಧಕ್ಕೆಯಾಗದು.

ಕಲಬುರಗಿಗೆ ಮರಳಿ, ಲೆಕ್ಕವನ್ನೇ ಹಾಕಿ ನೋಡೋಣ. ಒಂದು ರೊಟ್ಟಿ ಬಡಿದದ್ದಕ್ಕೆ ಒಂದು ರೂಪಾಯಿ ಕೂಲಿ ಎಂದಿಟ್ಟುಕೊಳ್ಳಿ. ನುರಿತವಳು ದಿನಕ್ಕೆ ಇನ್ನೂರು ಬಡಿದಳು ಎಂದೂ ಇಟ್ಟುಕೊಳ್ಳಿ. ಇನ್ನೂರು ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿಯಾಗಿತ್ತು. ಮಣ್ಣು ಅಗೆಯುವ ಕೆಲಸದಷ್ಟೂ ಬೆಲೆ ಬಾರದ ಕೌಶಲ ಎಂಥ ಕೌಶಲ? ಒಂದೂವರೆಯೋ ಎರಡೋ ಆದರೆ ಚಿತ್ರ ಬದಲಾಗುತ್ತದೆ. ನಾವು ಹತ್ತು ರೊಟ್ಟಿಯ ಕಟ್ಟಿನ ಮೇಲೆ ಹತ್ತು ರೂಪಾಯಿ ಚೌಕಾಸಿ ಮಾಡಿದಾಗ ಕತ್ತರಿ ಬೀಳುವುದು ಜೋಳದ ದರಕ್ಕಲ್ಲ, ಗ್ಯಾಸಿನ ದರಕ್ಕಲ್ಲ, ಮನೆಯ ಬಾಡಿಗೆಗಲ್ಲ. ಇವು ಯಾವುವೂ ಚೌಕಾಸಿಗೆ ಬಗ್ಗುವುದಿಲ್ಲ. ಬಗ್ಗುವುದು ಆ ಒಂದು ರೂಪಾಯಿ ಮಾತ್ರ. ಅದೇ ಮನುಷ್ಯ ಸಂಜೆ ದರ್ಗಾದ ಬಾಗಿಲಲ್ಲಿ, ಗುಡಿಯ ಮೆಟ್ಟಿಲಲ್ಲಿ ಇಪ್ಪತ್ತು ರೂಪಾಯಿ ಹಾಕಿ ಬರುತ್ತಾನೆ. ಸದಕಾದ ಲೆಕ್ಕ ಮೇಲಿನವನ ಬಳಿ ಇದೆಯೆಂಬ ನಂಬಿಕೆ ನಮ್ಮದೂ ಹೌದು. ಬೆಳಿಗ್ಗೆ ಕಡಿತ ಮಾಡಿದ್ದೂ ಅದೇ ಪುಸ್ತಕದಲ್ಲಿರುತ್ತದೆಯಲ್ಲವೇ?

ಲೆಕ್ಕ ಹೆಂಗಸರ ಕೈಗೇ ಬಂದರೆ ಏನಾದೀತು ಎಂಬುದಕ್ಕೆ ಲಿಜ್ಜತ್ ಪಾಪಡ್ ಇದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಇಂದು ಅದು ಹತ್ತಾರು ಸಾವಿರ ಸದಸ್ಯೆಯರ ಸಂಸ್ಥೆ. ಅಲ್ಲಿ ಲಟ್ಟಿಸುವವಳೇ ಮಾಲಕಿ, ಲಾಭ ಹಂಚಿಕೊಳ್ಳುವವಳೂ ಅವಳೇ. ಅದೇ ಮುಂಬಯಿಯಲ್ಲಿ ಗಿರಣಿ ಕಾರ್ಮಿಕರಿಗೆ ಊಟ ಹಾಕಿ ಬಡ್ಡಿಯವರ ಕೈಯಲ್ಲಿ ಸಿಲುಕಿದ್ದ ಖಾನಾವಳಿಯ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವಾಗಿ ಸಂಘಟಿಸಿ ಬ್ಯಾಂಕುಗಳ ಬಾಗಿಲು ತೆರೆಸಿದರು. ಇವರಿಗೆ ಯಾರೂ ಅಡುಗೆ ಕಲಿಸಬೇಕಿರಲಿಲ್ಲ.

ನಮ್ಮಲ್ಲಿಯೂ ಅಂಥದೊಂದು ಆರಂಭವಾಗಿದೆ. ಜಿಲ್ಲಾಡಳಿತದ ಮುತುವರ್ಜಿಯಿಂದ ರೊಟ್ಟಿ ಮಾಡುವ ಸ್ವಸಹಾಯ ಗುಂಪುಗಳು ಸಹಕಾರಿ ವ್ಯವಸ್ಥೆಯಡಿ ಸೇರಿ 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರಿನಲ್ಲಿ ಮಾರುತ್ತಿವೆ. 2025ರ ಜೂನ್ 29ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ಇದನ್ನು ಪ್ರಸ್ತಾಪಿಸಿ, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿದೆ, ಬೆಂಗಳೂರಿನಲ್ಲಿ ಮಳಿಗೆ ತೆರೆದಿದೆ ಎಂದು ಹೇಳಿದರು. ಸಂತೋಷದ ಸಂಗತಿ. ಕಲಬುರಗಿಯ ತೊಗರಿಬೇಳೆಗೆ, ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದಾಗಲೂ ಸಂತೋಷಪಟ್ಟಿದ್ದೆವು. ಅವುಗಳ ಕೀರ್ತಿ ಬಹುಪಾಲು ಮಣ್ಣಿಗೆ ಸಲ್ಲುತ್ತದೆ. ರೊಟ್ಟಿಯದು ಕೈಗೆ ಸಲ್ಲಬೇಕು. ಹೆಸರು ಊರಿನದಾದಷ್ಟೇ ಲಾಭದ ಪಾಲು ಕೈಯವರದಾಗುತ್ತದೆಯೇ, ಸಂಘದ ಸಭೆಯಲ್ಲಿ ದರ ನಿಗದಿ ಮಾಡುವಾಗ ಹೆಂಚಿನ ಮುಂದೆ ಕೂರುವವಳು ಮಾತಾಡುತ್ತಾಳೆಯೇ ಎಂಬುದನ್ನು ಬರುವ ವರ್ಷಗಳಲ್ಲಿ ನೋಡಬೇಕು. ಮುಸ್ಲಿಮ್ ಮೊಹಲ್ಲಾಗಳ ಹೆಂಗಸರು ಇದರೊಳಗೆ ಎಷ್ಟು ಮಂದಿ ಬರುತ್ತಾರೆ ಎಂಬುದನ್ನೂ. ಮುಸ್ಲಿಮ್ ಹೆಂಗಸರ ದುಡಿಮೆ ಹೆಚ್ಚಾಗಿ ಮನೆಯೊಳಗೇ ಸಿಕ್ಕಿಕೊಂಡಿದೆಯೆಂದು ಸಾಚಾರ್ ಸಮಿತಿ 2006ರಲ್ಲಿಯೇ ಬರೆದಿತ್ತು. ಮನೆಯೊಳಗೆ ಬೀಡಿ ಸುತ್ತಿದರೂ ಕಸೂತಿ ಹಾಕಿದರೂ ದರ ಹೇಳುವವನು ಬಾಗಿಲಿಗೆ ಬರುವ ದಲ್ಲಾಳಿ. ಹತ್ತು ಮಂದಿ ಒಂದೆಡೆ ಕೂತು ಕೆಲಸ ಮಾಡಿದರೆ ಕೊನೇಪಕ್ಷ ಪಕ್ಕದವಳಿಗೆ ಎಷ್ಟು ಸಿಕ್ಕಿತೆಂದು ತಿಳಿಯುತ್ತದೆ.

ಯಂತ್ರದ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ರೊಟ್ಟಿ ಒತ್ತುವ ಯಂತ್ರಗಳು ಬಂದಿವೆ. ಕೈ ರೊಟ್ಟಿಯೇ ಬೇಕೆಂದು ಹಟ ಹಿಡಿದರೆ ಹೆಂಗಸರ ರೆಟ್ಟೆ ಸವೆಯಲಿ ಎಂದಂತೆ, ಯಂತ್ರ ಬರಲಿ ಎಂದರೆ ಹತ್ತು ಜನರ ಕೆಲಸ ಇಬ್ಬರಿಗೆ. ನಮಗೆ ತೋರುವುದಿಷ್ಟು: ಯಂತ್ರ ಸಂಘದ ಹೆಂಗಸರದೇ ಆದರೆ ಅದು ಅವರ ರೆಟ್ಟೆಗೆ ಬಿಡುವು, ಮಾಲೀಕನೊಬ್ಬನದಾದರೆ ಅವರಿಗೆ ಮನೆಯ ದಾರಿ. ಕಾವು ಹಾಕಿಕೊಟ್ಟ ಆ ಕೊಡಲಿ ಸೌದೆ ಕಡಿಯುವವನ ಸ್ವಂತದ್ದಾಗಿತ್ತು, ಬಾಡಿಗೆಯದಲ್ಲ.

ಎಳ್ಳಮಾವಾಸ್ಯೆ ಬಂದಾಗ ಈ ಸೀಮೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಹೊಲವಿದ್ದ ಹಿಂದೂ ಗೆಳೆಯರು ನಮ್ಮನ್ನೂ ಕರೆಯುತ್ತಾರೆ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡಬು ಎಲ್ಲರೂ ಕೂಡಿ ಉಣ್ಣುವುದು. ಪಟ್ಟಣದಿಂದ ಹೋಗುವವರ ಬುತ್ತಿಯಲ್ಲಿ ಈಗ ಕೊಂಡ ರೊಟ್ಟಿಯೇ ಹೆಚ್ಚು. ಹಾಗಾಗಿ ಹಬ್ಬದ ಹಿಂದಿನ ರಾತ್ರಿ ರೊಟ್ಟಿ ಕೇಂದ್ರಗಳಲ್ಲಿ ಹೆಂಚು ಆರುವುದಿಲ್ಲ. ಅಲ್ಲಿ ಬಡಿಯುವ ಹೆಂಗಸರಲ್ಲಿ ಬಹಳ ಮಂದಿಗೆ ಹೊಲವಿರುವ ತವರೂರು ಇದೆ, ಬಸ್ಸಿಗೆ ಟಿಕೆಟ್ಟೂ ಬೇಕಿಲ್ಲ, ಹೋಗಲು ಹೊತ್ತೊಂದೇ ಇಲ್ಲ. ಅವತ್ತು ಬೆಳಿಗ್ಗೆ ಬಿಸಿಬಿಸಿ ರೊಟ್ಟಿ ಬೇಕೆಂದು ಬಾಗಿಲು ಬಡಿಯುವ ಬದಲು ಮೂರು ದಿನ ಮೊದಲೇ ಮುಂಗಡ ಕೊಟ್ಟು ಖಡಕ್ ರೊಟ್ಟಿ ಒಯ್ದರಾಯಿತು. ಚೆನ್ನಾಗಿ ಒಣಗಿಸಿದ್ದಾದರೆ ವಾರಗಟ್ಟಲೆ ಕೆಡುವುದಿಲ್ಲ.